ಜರಡಿ ಎಲ್ಲಿಡಬೇಕು? ಒಂದು ಸಣ್ಣ ಕಮಾಂಡಿನ 60 ವರ್ಷದ ಕಥೆ

ಭಾಗ 1/9

ಮೊದಲ ಫೋಟೋದಲ್ಲಿರೋ ಪೆನ್ ಡ್ರೈವ್ ನೋಡಿ. 32 ಜಿಬಿ. ಮುಚ್ಚಳ ಕಳೆದುಹೋಗಿದೆ, ಅಪ್ಪ ಸುತ್ತಿದ ಕೆಂಪು ರಬ್ಬರ್ ಬ್ಯಾಂಡ್ ಮಾತ್ರ ಇನ್ನೂ ಇದೆ. ನಮ್ಮ ಅಂಗಡಿಯ ಟ್ಯಾಲಿ ಲೆಕ್ಕದ ಬ್ಯಾಕಪ್ ಇದರಲ್ಲಿತ್ತು. ಅಂಗಡಿ ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಹೋಗಿದ್ದ ಎರಡು ದಿನ ಲೆಕ್ಕದ ಪ್ರತಿ ಇದ್ದದ್ದು ಇದೊಂದರಲ್ಲೇ. ಆ ಎರಡನೇ ದಿನವೇ ನಾನು ಇದರ ಮೇಲೆ ಲಿನಕ್ಸ್ ಬರೆದುಬಿಟ್ಟೆ.

ಹೇಗಾಯ್ತು ಹೇಳ್ತೀನಿ. ಗೆಳೆಯನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡ್ತೀನಿ ಅಂತ ಒಪ್ಕೊಂಡಿದ್ದೆ. ಅದಕ್ಕೆ ಒಂದು ಖಾಲಿ ಪೆನ್ ಡ್ರೈವ್ ಬೇಕು, ಅದೂ ಇತ್ತು. ಎರಡೂ ಒಟ್ಟಿಗೇ ನನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿಕೊಂಡಿದ್ದವು, ಎರಡೂ 32 ಜಿಬಿಯವೇ. ಯಾವುದು ಯಾವುದು ಅಂತ ನೋಡೋಕೆ ಟರ್ಮಿನಲ್‌ನಲ್ಲಿ ಒಂದು ಕಮಾಂಡ್ ಕೊಟ್ಟೆ, ಬಂದ ಉತ್ತರ ಉದ್ದ ಇದೆ ಅಂತ ಅದನ್ನು ಸೋಸಿದೆ, ಮೂರೇ ಸಾಲು ಉಳೀತು, ಅದರಲ್ಲಿ ಒಂದನ್ನು ಆರಿಸಿ ಡಿಡಿ ಕೊಟ್ಟೆ.

ಡಿಡಿ ಅಂದ್ರೆ ನಮ್ಮ ಕಾಮರ್ಸ್‌ನವರಿಗೆ ಡಿಮ್ಯಾಂಡ್ ಡ್ರಾಫ್ಟ್. ಲಿನಕ್ಸ್‌ನಲ್ಲಿ ಅದು ಒಂದು ಕಡೆಯ ಬೈಟುಗಳನ್ನು ಇನ್ನೊಂದು ಕಡೆ ಹಾಗೇ ಸುರಿಯೋ ಕಮಾಂಡ್. "ಖಚಿತಾನಾ?" ಅಂತ ಒಂದು ಮಾತೂ ಕೇಳಲ್ಲ.

ಈ ಪೇಜಿಗೆ ಹೊಸಬರಾದ್ರೆ: ಇಲ್ಲಿ ನಾನು ಪ್ರತಿ ತಿಂಗಳು ಕಂಪ್ಯೂಟರಿನ ಒಂದು ಸಣ್ಣ ವಸ್ತುವಿನ ದೊಡ್ಡ ಇತಿಹಾಸ ಬರೀತೀನಿ. ಈ ತಿಂಗಳಿನದು "ಫಿಲ್ಟರ್" ಅನ್ನೋ ಒಂದೇ ಒಂದು ಆಯ್ಕೆ. ಕಮಾಂಡ್‌ಗಳನ್ನು ಟೈಪ್ ಮಾಡೋ ರೂಪ ಫೋಟೋಗಳಲ್ಲಿದೆ.

ಭಾಗ 2/9

ನಾನು ಕೊಟ್ಟ ಮೊದಲ ಕಮಾಂಡಿನ ಹೆಸರು ಎಲ್‌ಎಸ್‌ಬ್ಲಾಕ್. "ಲಿಸ್ಟ್ ಬ್ಲಾಕ್ ಡಿವೈಸಸ್" ಅನ್ನೋದರ ಚುಟುಕು. ಯಂತ್ರಕ್ಕೆ ಅಂಟಿಕೊಂಡಿರೋ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಪೆನ್ ಡ್ರೈವ್ ಎಲ್ಲದರ ಸ್ಥಿತಿಗತಿ ಹೇಳುತ್ತೆ: ಹೆಸರು, ಗಾತ್ರ, ತೆಗೆಯಬಹುದಾದದ್ದಾ ಅಲ್ವಾ, ಎಲ್ಲಿ ಮೌಂಟ್ ಆಗಿದೆ. ಡಿಸ್ಕ್ ಒಂದು ಸಾಲು, ಅದರ ಒಳಗಿನ ಪಾರ್ಟಿಷನ್‌ಗಳು ಅದರ ಕೆಳಗೆ ಕೊಂಬೆ ಥರ. ವಂಶವೃಕ್ಷ ಇದ್ದ ಹಾಗೆ.

ತೊಂದರೆ ಏನಂದ್ರೆ ಉಬುಂಟುವಿನಲ್ಲಿ ಸ್ನ್ಯಾಪ್ ಅನ್ನೋ ಪ್ಯಾಕೇಜ್ ಪದ್ಧತಿ ಇದೆ. ಒಂದೊಂದು ಸ್ನ್ಯಾಪ್ ಕೂಡ ಒಂದೊಂದು "ಲೂಪ್" ಡಿವೈಸ್ ಆಗಿ ಮೌಂಟ್ ಆಗುತ್ತೆ. ಹಾಗಾಗಿ ಎಲ್‌ಎಸ್‌ಬ್ಲಾಕ್ ಅಂತ ಹೊಡೆದ್ರೆ ಲೂಪ್ 0, ಲೂಪ್ 1, ಲೂಪ್ 2 ಅಂತ ಪರದೆ ತುಂಬಾ ಸಾಲು. ಮದುವೆ ಮನೆಗೆ ಬಂದಿರೋ ದೂರದ ನೆಂಟರೆಲ್ಲ ಮುಂದಿನ ಸಾಲಿನಲ್ಲಿ ಕೂತಂತೆ.

ಅದಕ್ಕೇ ನಾನು ಯಾವುದೋ ವಿಡಿಯೋದಲ್ಲಿ ನೋಡಿದ್ದನ್ನು ಮಾಡಿದೆ. ಎಲ್‌ಎಸ್‌ಬ್ಲಾಕ್‌ನ ಉತ್ತರವನ್ನು ಪೈಪ್ ಮೂಲಕ ಗ್ರೆಪ್ ಅನ್ನೋ ಕಮಾಂಡ್‌ಗೆ ಕಳಿಸಿದೆ: "ಡಿಸ್ಕ್" ಅನ್ನೋ ಪದ ಇರೋ ಸಾಲು ಮಾತ್ರ ತೋರಿಸು. ಲೂಪ್‌ಗಳೆಲ್ಲ ಮಾಯ. ಮೂರು ಸಾಲು. ಖುಷಿ ಆಯ್ತು.

ಮಾಯ ಆದದ್ದು ಲೂಪ್ ಮಾತ್ರ ಆಗಿರಲಿಲ್ಲ. ಮೇಲಿದ್ದ ಶೀರ್ಷಿಕೆ ಸಾಲು ಹೋಗಿತ್ತು, ಯಾಕಂದ್ರೆ ಅದರಲ್ಲಿ "ಡಿಸ್ಕ್" ಅನ್ನೋ ಪದ ಇಲ್ಲ. ಪಾರ್ಟಿಷನ್ ಸಾಲುಗಳೂ ಹೋಗಿದ್ದವು, ಯಾಕಂದ್ರೆ ಅವುಗಳ ವಿಧ "ಪಾರ್ಟ್", "ಡಿಸ್ಕ್" ಅಲ್ಲ. ಮೌಂಟ್ ಆದ ಜಾಗದಲ್ಲಿ ಅಪ್ಪನ ಪೆನ್ ಡ್ರೈವಿನ ಹೆಸರು ಇದ್ದದ್ದು ಆ ಪಾರ್ಟಿಷನ್ ಸಾಲಿನಲ್ಲೇ. ಉಳಿದದ್ದು 28.7 ಜಿ ಮತ್ತು 28.9 ಜಿ ಅನ್ನೋ ಎರಡು ಅವಳಿ ಸಾಲು. (ಕಂಪನಿ 32 ಜಿಬಿ ಅಂತ ಹಾಕೋದು ಸಾವಿರದ ಲೆಕ್ಕದಲ್ಲಿ, ಈ ಕಮಾಂಡ್ ಎಣಿಸೋದು 1024ರ ಲೆಕ್ಕದಲ್ಲಿ. ಇಷ್ಟು ಕಮ್ಮಿ ಕಾಣೋದಕ್ಕೆ ಅದೊಂದು ದೊಡ್ಡ ಕಾರಣ.)

ಆಮೇಲೆ ರಾತ್ರಿಯೆಲ್ಲ ತಲೆಯಲ್ಲಿ ಕೊರೆದ ಪ್ರಶ್ನೆ ಇದು: ಡಿಸ್ಕ್ ಅಂದ್ರೇನು ಅಂತ ಎಲ್‌ಎಸ್‌ಬ್ಲಾಕ್‌ಗೆ ಗೊತ್ತು. ಗ್ರೆಪ್‌ಗೆ ಗೊತ್ತಿಲ್ಲ. ಹಾಗಿದ್ದ ಮೇಲೆ ಸೋಸೋ ಕೆಲಸ ಗೊತ್ತಿರೋನಿಗೆ ಕೊಡದೆ ಗೊತ್ತಿಲ್ಲದವನಿಗೆ ಯಾಕೆ ಕೊಟ್ಟಿದ್ದಾರೆ?

ಭಾಗ 3/9

ಉತ್ತರ ಹುಡುಕ್ತಾ ಹೋದ್ರೆ 1964ಕ್ಕೆ ಹೋಗಿ ನಿಲ್ಲಬೇಕು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. ಅಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್ ಅನ್ನೋರು 1964ರ ಅಕ್ಟೋಬರ್ 11ರಂದು ಟೈಪ್ ಮಾಡಿದ ಒಂದು ಟಿಪ್ಪಣಿ ಇದೆ. ಅದರಲ್ಲಿನ ಒಂದು ಮಾತಿನ ಸಾರ: ತೋಟದ ಪೈಪುಗಳನ್ನು ಬೇಕಾದಾಗ ಒಂದಕ್ಕೊಂದು ತಿರುಗಿಸಿ ಜೋಡಿಸ್ತೀವಲ್ಲ, ಪ್ರೋಗ್ರಾಂಗಳನ್ನೂ ಹಾಗೆ ಜೋಡಿಸೋಕೆ ಆಗಬೇಕು.

ಆಗ ಯುನಿಕ್ಸ್ ಇನ್ನೂ ಹುಟ್ಟಿರಲಿಲ್ಲ, ಅದು ಶುರುವಾದದ್ದು 1969ರಲ್ಲಿ. ಮ್ಯಾಕಿಲ್‌ರಾಯ್ ಮಾತ್ರ ಪೈಪಿನ ಆಸೆ ಬಿಡಲಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಕೊನೆಗೆ 1973ರಲ್ಲಿ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯುನಿಕ್ಸ್‌ಗೆ ಸೇರಿಸಿದ್ರು. ಇವತ್ತು ನಾವು ಬಳಸೋ ನೆಟ್ಟಗೆ ನಿಂತ ಗೆರೆ ಮೊದಲು ಇರಲಿಲ್ಲ. ಫೈಲಿಗೆ ಬರೆಯೋಕೆ ಬಳಸೋ ಬಾಣದ ಗುರುತನ್ನೇ ಪೈಪಿಗೂ ಬಳಸ್ತಿದ್ರು, ಸ್ವಲ್ಪ ಸಮಯದಲ್ಲೇ ಗೆರೆ ಬಂತು.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಪೈಪ್ ಅಲ್ಲ, ಅದರ ಜೊತೆಗೆ ಮಾಡಬೇಕಾಗಿ ಬಂದ ಇನ್ನೊಂದು ಕೆಲಸ. ಅಲ್ಲಿವರೆಗೆ ಸಾರ್ಟ್ ಥರದ ಎಷ್ಟೋ ಪ್ರೋಗ್ರಾಂಗಳು ಫೈಲಿನ ಹೆಸರು ಕೊಟ್ರೆ ಮಾತ್ರ ಕೆಲಸ ಮಾಡ್ತಿದ್ದವು. ಪೈಪ್ ಬಂದ ಮೇಲೆ ಅವನ್ನೆಲ್ಲ ತಿದ್ದಿ, ಹೆಸರು ಕೊಡದಿದ್ರೆ ಹಿಂದಿನಿಂದ ಹರಿದು ಬಂದದ್ದನ್ನೇ ಓದೋ ಹಾಗೆ ಮಾಡಿದ್ರು. ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಯುನಿಕ್ಸ್‌ನವರು ಇಂಥ ಪ್ರೋಗ್ರಾಂಗೇ "ಫಿಲ್ಟರ್" ಅನ್ನೋದು. ಅಂದ್ರೆ ಅವರ ಭಾಷೆಯಲ್ಲಿ ಫಿಲ್ಟರ್ ಒಂದು ಸ್ವತಂತ್ರ ಪ್ರೋಗ್ರಾಂ. ಬೇರೆ ಪ್ರೋಗ್ರಾಂನ ಒಳಗೆ ಕೂರೋ ಒಂದು ಆಯ್ಕೆ ಅಲ್ಲ.

ಭಾಗ 4/9

ಫಿಲ್ಟರ್‌ಗಳಲ್ಲಿ ರಾಜ ಅಂದ್ರೆ ಗ್ರೆಪ್. ಹುಟ್ಟಿದ್ದು ಅದೇ 1973ರಲ್ಲಿ, ಬರೆದದ್ದು ಅದೇ ಥಾಂಪ್ಸನ್.

ಬ್ರಯಾನ್ ಕರ್ನಿಗನ್ ಹೇಳೋ ಕಥೆ ಚೆನ್ನಾಗಿದೆ. ಬೆಲ್ ಲ್ಯಾಬ್ಸ್‌ನ ಲೀ ಮ್ಯಾಕ್‌ಮಹನ್ ಅನ್ನೋರಿಗೆ ಫೆಡರಲಿಸ್ಟ್ ಪೇಪರ್ಸ್ ಮೇಲೆ ಕೆಲಸ ಮಾಡಬೇಕಿತ್ತು. ಅದು ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಲೇಖನ. ಯಾವುದನ್ನು ಯಾರು ಬರೆದಿದ್ದು ಅನ್ನೋ ಜಗಳ ಹಳೇದು. ಪದಗಳನ್ನು ಹುಡುಕಿದ್ರೆ ಸುಳಿವು ಸಿಗಬಹುದು. ಆದ್ರೆ ಅಷ್ಟು ದೊಡ್ಡ ಪಠ್ಯ ಆಗಿನ ಎಡಿಟರ್ "ಇಡಿ"ಯ ಮೆಮೊರಿಯಲ್ಲಿ ಹಿಡಿಸ್ತಿರಲಿಲ್ಲ. ಥಾಂಪ್ಸನ್ ಏನು ಮಾಡಿದ್ರು ಅಂದ್ರೆ, ಎಡಿಟರಿನ ಒಳಗಿದ್ದ ಹುಡುಕೋ ಭಾಗವನ್ನು ಕಿತ್ತು ಬೇರೆ ಪ್ರೋಗ್ರಾಂ ಮಾಡಿದ್ರು. ಎಡಿಟರಿನಲ್ಲಿ "ಎಲ್ಲ ಕಡೆ ಈ ಮಾದರಿ ಹುಡುಕಿ, ಸಿಕ್ಕ ಸಾಲು ಮುದ್ರಿಸು" ಅನ್ನೋಕೆ ಜಿ, ಆರ್‌ಇ, ಪಿ ಅಂತ ಬರೀಬೇಕಿತ್ತು. ಅದೇ ಹೆಸರಾಯ್ತು.

ಗಮನಿಸಿ: ಗ್ರೆಪ್ ಹುಟ್ಟಿದ್ದು ಗದ್ಯ ಓದೋಕೆ. ಲೇಖನ, ಸಾಲು, ಪದ. ಡಿಸ್ಕು, ಗಾತ್ರ, ಕಾಲಂ ಇವೆಲ್ಲ ಅದರ ಲೋಕದಲ್ಲೇ ಇರಲಿಲ್ಲ.

ಭಾಗ 5/9

ಬಿಕಾಂ ಗೆಳೆಯರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ಯಾಲಿಯ ಲೆಕ್ಕವನ್ನು ಎಕ್ಸೆಲ್‌ಗೆ ತಂದು, ಕಂಟ್ರೋಲ್ ಎಫ್ ಒತ್ತಿ 500 ಅಂತ ಹುಡುಕಿ ನೋಡಿ. 500 ರೂಪಾಯಿಯ ಬಿಲ್ಲು ಸಿಗುತ್ತೆ. 1500ರದ್ದೂ ಸಿಗುತ್ತೆ. ಬಿಲ್ ನಂಬರ್ 500 ಸಿಗುತ್ತೆ. ಯಾರದೋ ಫೋನ್ ನಂಬರಿನ ಮಧ್ಯೆ ಇರೋ 500 ಕೂಡ ಸಿಗುತ್ತೆ. ಅದೇ ಟ್ಯಾಲಿಯ ಒಳಗೇ ಇದ್ದುಕೊಂಡು ಮೊತ್ತ ಇಷ್ಟಿರೋ ವೋಚರ್ ತೋರಿಸು ಅಂದ್ರೆ ಅದು ಮೊತ್ತವನ್ನೇ ನೋಡುತ್ತೆ. ಯಾಕಂದ್ರೆ ಯಾವುದು ಮೊತ್ತ, ಯಾವುದು ನಂಬರ್ ಅಂತ ಅದಕ್ಕೆ ಗೊತ್ತು. ಎಕ್ಸೆಲ್ ಹುಡುಕಿದ್ದು ಅಂಕಿಗಳ ಆಕಾರವನ್ನು ಮಾತ್ರ.

ಗ್ರೆಪ್ ಅಂದ್ರೆ ಆ ಕಂಟ್ರೋಲ್ ಎಫ್.

ಇದರ ಅತಿ ಪ್ರಸಿದ್ಧ ಪೇಚು ಡಿಸ್ಕಿನದಲ್ಲ, ಪ್ರೋಸೆಸ್‌ಗಳದು. ಓಡ್ತಿರೋ ಪ್ರೋಗ್ರಾಂಗಳ ಪಟ್ಟಿ ಕೊಡೋ ಕಮಾಂಡ್ ಪಿಎಸ್. ಅದನ್ನು ಗ್ರೆಪ್‌ಗೆ ಹರಿಸಿ "ಫೈರ್‌ಫಾಕ್ಸ್" ಅಂತ ಹುಡುಕಿದ್ರೆ, ಎಷ್ಟೋ ಸಲ ಉತ್ತರದಲ್ಲಿ ಗ್ರೆಪ್ ತಾನೇ ಇರುತ್ತೆ. ಯಾಕಂದ್ರೆ ಆ ಕ್ಷಣ ಅದೂ ಓಡ್ತಿದೆ, ಅದರ ಸಾಲಿನಲ್ಲೂ "ಫೈರ್‌ಫಾಕ್ಸ್" ಅನ್ನೋ ಪದ ಇದೆ. ಕಳ್ಳನನ್ನು ಹುಡುಕೋಕೆ ಹೋದ ಪೊಲೀಸಪ್ಪ ಕನ್ನಡಿಯಲ್ಲಿ ತನ್ನನ್ನೇ ಹಿಡಿದ ಹಾಗೆ. ಜನ ಇದಕ್ಕೆ ಏನೇನೋ ಒಳದಾರಿ ಕಂಡುಕೊಂಡ್ರು: ಮೊದಲ ಅಕ್ಷರಕ್ಕೆ ಚೌಕ ಕಂಸ ಹಾಕೋದು, ಇನ್ನೊಂದು ಗ್ರೆಪ್ ಹಾಕಿ ಮೊದಲ ಗ್ರೆಪ್ಪನ್ನು ತೆಗೆಯೋದು. 1998ರ ಸೊಲಾರಿಸ್ 7ರಲ್ಲಿ ಪಿಗ್ರೆಪ್ ಅನ್ನೋ ಬೇರೆ ಕಮಾಂಡೇ ಬಂತು. ಅದು ಪರದೆಯ ಅಕ್ಷರ ಓದಲ್ಲ, ಪ್ರೋಸೆಸ್‌ಗಳನ್ನೇ ನೇರವಾಗಿ ಕೇಳುತ್ತೆ.

ಗೊತ್ತಿರೋನಿಗೇ ಸೋಸೋ ಕೆಲಸ ಕೊಡಬೇಕು ಅನ್ನೋದು ಅಲ್ಲೇ ಒಪ್ಪಿದಂತಾಯ್ತು.

ಭಾಗ 6/9

ಹಾಗಾದ್ರೆ ಎಲ್ಲ ಕಮಾಂಡಿಗೂ ಫಿಲ್ಟರ್ ಆಯ್ಕೆ ಸೇರಿಸಿಬಿಡಬಹುದಲ್ಲ? ಇಲ್ಲೇ ಇರೋದು ನಿಜವಾದ ಜಗಳ. ಎದುರು ಪಕ್ಷದವರು ಸಾಮಾನ್ಯರಲ್ಲ.

1983ರ ಬೇಸಿಗೆ, ಟೊರಾಂಟೋ, ಯೂಸ್‌ನಿಕ್ಸ್ ಸಮ್ಮೇಳನ. ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ ಅಲ್ಲೊಂದು ಭಾಷಣ ಮಾಡಿದ್ರು. ಸಿಟ್ಟು "ಕ್ಯಾಟ್" ಅನ್ನೋ ಕಮಾಂಡಿನ ಮೇಲೆ. ಕ್ಯಾಟ್‌ನ ಕೆಲಸ ಫೈಲುಗಳನ್ನು ಒಂದರ ಹಿಂದೆ ಒಂದು ಜೋಡಿಸೋದು, ಅಷ್ಟೇ. ಕ್ಯಾಲಿಫೋರ್ನಿಯಾದ ಬರ್ಕ್ಲಿಯವರು ಅದಕ್ಕೆ ಕಣ್ಣಿಗೆ ಕಾಣದ ಅಕ್ಷರಗಳನ್ನು ತೋರಿಸೋ "ವಿ" ಆಯ್ಕೆ ಸೇರಿಸಿದ್ರು, ಸಾಲಿಗೆ ನಂಬರ್ ಹಾಕೋ ಆಯ್ಕೆ ಸೇರಿಸಿದ್ರು. ಇದು ಕ್ಯಾಟ್‌ನ ಕೆಲಸವೇ ಅಲ್ಲ, ಅದಕ್ಕೆ ಬೇರೆ ಪ್ರೋಗ್ರಾಂ ಬರೀಬೇಕು ಅನ್ನೋದು ಪೈಕ್ ವಾದ. ಮರುವರ್ಷ, 1984ರಲ್ಲಿ, ಪೈಕ್ ಮತ್ತು ಕರ್ನಿಗನ್ ಸೇರಿ ಅದನ್ನೇ ವಿಸ್ತರಿಸಿ ಪ್ರಬಂಧ ಬರೆದ್ರು. ಅದರಲ್ಲಿ ಎಲ್‌ಎಸ್ ಕಮಾಂಡಿಗೂ ಪೆಟ್ಟು ಬಿತ್ತು: ಫೈಲಿನ ಹೆಸರುಗಳನ್ನು ಕಾಲಂ ಆಗಿ ಜೋಡಿಸೋದು ಎಲ್‌ಎಸ್ ಒಳಗೆ ಯಾಕೆ? ಅದು ಬೇರೆ ಪ್ರೋಗ್ರಾಂ ಆಗಿದ್ರೆ ಬೇರೆ ಪಟ್ಟಿಗಳಿಗೂ ಉಪಯೋಗ ಆಗ್ತಿತ್ತಲ್ಲ?

ಮೊದಲ ಸಲ ಇದನ್ನು ಓದಿದಾಗ, ಪೆನ್ ಡ್ರೈವಿನ ಸಿಟ್ಟಿನಲ್ಲೇ ಇದ್ದೆ, "ಇವರಿಂದಲೇ ನನಗೆ ಈ ಗತಿ" ಅನ್ನಿಸ್ತು. ಎರಡನೇ ಸಲ ಓದಿದಾಗ ಅವರು ಹೇಳೋದು ನಿಜ ಅನ್ನಿಸ್ತು. ಪ್ರತಿ ಕಮಾಂಡೂ ತನ್ನದೇ ಜರಡಿ ಇಟ್ಟುಕೊಂಡ್ರೆ ನೀವು ಪ್ರತಿ ಜರಡಿಯ ಭಾಷೆಯನ್ನೂ ಕಲೀಬೇಕು. ಗ್ರೆಪ್ ಒಂದ್ಸಲ ಕಲಿತ್ರೆ ಜೀವನಪೂರ್ತಿ ಎಲ್ಲ ಕಡೆ ನಡೆಯುತ್ತೆ.

ಈಗ ನನ್ನ ಅಭಿಪ್ರಾಯ ಇಷ್ಟು: ಕ್ಯಾಟ್ ವಿಷಯದಲ್ಲಿ ಪೈಕ್ ಸರಿ. ಕ್ಯಾಟ್ ಮೂಲಕ ಹರಿಯೋದು ನಿಜವಾಗಿಯೂ ಬೈಟುಗಳೇ. ಡಿಸ್ಕ್ ಹಾಗಲ್ಲ. ಎಲ್‌ಎಸ್‌ಬ್ಲಾಕ್‌ನ ಒಳಗೆ ಅದು ಗಾತ್ರ, ಮಾದರಿ, ಮಕ್ಕಳು ಎಲ್ಲ ಇರೋ ಒಂದು ವಸ್ತು. ಪರದೆಗೆ ಬರೋ ಹೊತ್ತಿಗೆ ಅಕ್ಷರ ಆಗಿರುತ್ತೆ. ಅಕ್ಷರ ಆದ ಮೇಲೆ ಸೋಸಿದ್ರೆ ಯಾವ ಮಗು ಯಾವ ತಾಯಿದು ಅನ್ನೋದು ಹೋಗಿಬಿಡುತ್ತೆ.

(ಮೈಕ್ರೋಸಾಫ್ಟ್‌ನ ಜೆಫ್ರಿ ಸ್ನೋವರ್ ಇದಕ್ಕೆ ಮೂರನೇ ದಾರಿ ಹಿಡಿದ್ರು. 2002ರಲ್ಲಿ ಯೋಜನೆ ಬರೆದು, 2006ರಲ್ಲಿ ಪವರ್‌ಶೆಲ್ ಆಗಿ ಹೊರಬಂತು. ಪೈಪ್ ಇರಲಿ, ಆದ್ರೆ ಅದರಲ್ಲಿ ಅಕ್ಷರ ಬೇಡ, ವಸ್ತುವೇ ಹರೀಲಿ ಅಂದ್ರು. ಅದು ಬೇರೆಯೇ ಕಥೆ, ಇನ್ನೊಂದು ತಿಂಗಳಿಗಿರಲಿ.)

ಭಾಗ 7/9

ಎಲ್‌ಎಸ್‌ಬ್ಲಾಕ್ ಈ ಕಥೆಯೊಳಗೆ ಬರೋದು ತಡವಾಗಿ. ಅದಕ್ಕೂ ಮುಂಚೆ ಲಿನಕ್ಸ್‌ನವರು ಡಿಸ್ಕಿನ ಸ್ಥಿತಿ ತಿಳಿಯೋಕೆ ನಾಲ್ಕು ಮನೆ ಬಾಗಿಲು ತಟ್ಟಬೇಕಿತ್ತು: ಪಾರ್ಟಿಷನ್ ಪಟ್ಟಿಗೆ ಎಫ್‌ಡಿಸ್ಕ್, ಜಾಗ ಎಷ್ಟಿದೆ ಅನ್ನೋಕೆ ಡಿಎಫ್, ಎಲ್ಲಿ ಸೇರಿಕೊಂಡಿದೆ ಅನ್ನೋಕೆ ಮೌಂಟ್, ಇಲ್ಲಾಂದ್ರೆ ಕರ್ನಲ್ ಕೊಡೋ ಪಟ್ಟಿಯನ್ನು ಹಾಗೇ ಓದೋದು. 2.6 ಕರ್ನಲ್ ಜೊತೆ ಸಿಸ್‌ಎಫ್‌ಎಸ್ ಬಂದ ಮೇಲೆ ಎಲ್ಲ ಡಿವೈಸ್‌ಗಳ ವಿವರ ಒಂದೇ ಕಡೆ ಸಿಗೋ ಹಾಗಾಯ್ತು.

ಅದನ್ನು ಓದಿ ವಂಶವೃಕ್ಷ ಬಿಡಿಸೋ ಎಲ್‌ಎಸ್‌ಬ್ಲಾಕ್ ಬಂದದ್ದು 2011ರ ಯುಟಿಲ್-ಲಿನಕ್ಸ್ 2.19ರಲ್ಲಿ. ಬರೆದವರು ಮಿಲನ್ ಬ್ರೋಜ಼್, ಜೊತೆಗೆ ಆ ಇಡೀ ಕಟ್ಟನ್ನು ನೋಡಿಕೊಳ್ಳೋ ಕರೆಲ್ ಜ಼ಾಕ್. ಯುಟಿಲ್-ಲಿನಕ್ಸ್ ಅಂದ್ರೆ ಮೌಂಟ್, ಎಫ್‌ಡಿಸ್ಕ್ ಥರದ ದಿನಬಳಕೆಯ ಸಾಮಾನೆಲ್ಲ ಇರೋ ಗಂಟು. ಲಿನಕ್ಸ್ ಯಂತ್ರಗಳಲ್ಲಿ ಬಹುಪಾಲು ಕಡೆ ಇರುತ್ತೆ, ಹೆಸರು ಮಾತ್ರ ಯಾರಿಗೂ ಗೊತ್ತಿರಲ್ಲ.

ಸೋಸೋ ಆಯ್ಕೆ ಅದರಲ್ಲಿ ಇರಲೇ ಇಲ್ಲ ಅಂತಲ್ಲ. ಸಣ್ಣ ಸಣ್ಣ ಜರಡಿಗಳಿದ್ದವು. "ಇ" ಆಯ್ಕೆಗೆ ಒಂದು ನಂಬರ್ ಕೊಟ್ರೆ ಆ ಜಾತಿಯ ಡಿವೈಸ್‌ಗಳನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತೆ. ಲೂಪ್‌ನ ನಂಬರ್ 7. ಅಂದ್ರೆ ಆ ದಿನ "ಇ 7" ಅಂತ ಎರಡಕ್ಷರ ಹೊಡೆದಿದ್ರೆ ನೆಂಟರೆಲ್ಲ ಹೋಗಿ, ಶೀರ್ಷಿಕೆಯೂ ಕೊಂಬೆಗಳೂ ಹಾಗೇ ಉಳೀತಿದ್ದವು. ಅಪ್ಪನ ಪೆನ್ ಡ್ರೈವ್ ಕೂಡ! ಆದ್ರೆ 7 ಅಂದ್ರೆ ಲೂಪ್ ಅಂತ ಬಿಕಾಂ ಹುಡುಗನಿಗೆ ಹೇಗೆ ಹೊಳೀಬೇಕು ಹೇಳಿ. ಅದು ಕರ್ನಲ್‌ನ ಒಳಗಿನ ಲೆಕ್ಕ. ಜರಡಿ ಇತ್ತು, ಅದು ಮಾತಾಡ್ತಿದ್ದದ್ದು ನನ್ನ ಭಾಷೆಯಲ್ಲಿ ಅಲ್ಲ.

2015ರ 2.27ರಲ್ಲಿ ಜೇಸನ್ ರೂಪದಲ್ಲಿ ಉತ್ತರ ಕೊಡೋ ಆಯ್ಕೆ ಬಂತು. ಕೊಂಬೆಗಳ ಸಂಬಂಧ ಅದರಲ್ಲಿ ಉಳಿಯುತ್ತೆ. ಪ್ರೋಗ್ರಾಂ ಬರೆಯೋರಿಗೆ ಹಬ್ಬ, ಕಣ್ಣಲ್ಲಿ ಓದೋರಿಗೆ ಶಿಕ್ಷೆ.

ಭಾಗ 8/9

ಇನ್ನು 2024. ಮಾರ್ಚ್‌ನಲ್ಲಿ ಯುಟಿಲ್-ಲಿನಕ್ಸ್ 2.40 ಬಂತು. ಎಲ್‌ಎಸ್‌ಬ್ಲಾಕ್‌ಗೆ ಹೊಸದಾಗಿ ಒಂದು ಆಯ್ಕೆ: ಫಿಲ್ಟರ್. ಮ್ಯಾಕಿಲ್‌ರಾಯ್ ಅವರ ಟಿಪ್ಪಣಿಗೆ ಆ ವರ್ಷವೇ 60 ತುಂಬಿತು.

ಈಗ ಕಾಲಂನ ಹೆಸರು ಹಿಡಿದು ಕೇಳಬಹುದು. ವಿಧ ಡಿಸ್ಕ್‌ಗೆ ಸಮ ಇರೋದು ತೋರಿಸು. ಗಾತ್ರ ಇಷ್ಟಕ್ಕಿಂತ ಜಾಸ್ತಿ ಇರೋದು ತೋರಿಸು. ಇದೂ ಅದೂ ಎರಡೂ ಇದ್ರೆ ತೋರಿಸು. ಎಸ್‌ಡಿಎ, ಎಸ್‌ಡಿಬಿ ಬಿಟ್ಟು ಉಳಿದದ್ದು ತೋರಿಸು. ಇಲ್ಲಿ ಗಾತ್ರ ಅನ್ನೋದು ನಿಜವಾದ ಸಂಖ್ಯೆ, ಅಂಕಿಗಳ ಆಕಾರ ಅಲ್ಲ. ಶೀರ್ಷಿಕೆ ಎಲ್ಲೂ ಹೋಗಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟ ಆಯ್ತು. ಗ್ರೆಪ್ ಸೋಸೋದು ಎಲ್ಲ ಮಾಹಿತಿ ಸಂಗ್ರಹ ಆಗಿ, ಅಚ್ಚಾಗಿ ಬಂದ ಮೇಲೆ. ಈ ಫಿಲ್ಟರ್ ಕೆಲಸ ಮಾಡೋದು ಸಂಗ್ರಹಕ್ಕೂ ಮೊದಲು. ಪ್ರಶ್ನೆಗೆ ಎಷ್ಟು ಬೇಕೋ ಅಷ್ಟನ್ನೇ ಯಂತ್ರದಿಂದ ಕೇಳಿ, ಪಾಸಾದ ಡಿವೈಸಿನ ಉಳಿದ ವಿವರ ಮಾತ್ರ ಆಮೇಲೆ ತರುತ್ತೆ. ಕೈಪಿಡಿಯಲ್ಲಿ ಗ್ರೆಪ್‌ನ ಹೆಸರನ್ನೇ ಹೇಳಿ ಈ ವ್ಯತ್ಯಾಸ ಬರೆದಿದ್ದಾರೆ. ಊರಿನ ಎಲ್ಲರ ಅರ್ಜಿ ತುಂಬಿಸಿಕೊಂಡು ಆಮೇಲೆ "60 ದಾಟಿದವರು ಮಾತ್ರ" ಅನ್ನೋದಕ್ಕೂ, ಬಾಗಿಲಲ್ಲೇ ವಯಸ್ಸು ಕೇಳಿ ಒಳಗೆ ಬಿಡೋದಕ್ಕೂ ಇರೋ ವ್ಯತ್ಯಾಸ.

ಪೈಕ್ ಅವರ ಆಕ್ಷೇಪಕ್ಕೆ ಏನಾಯ್ತು ಹಾಗಾದ್ರೆ? ಪ್ರತಿ ಕಮಾಂಡಿಗೂ ಒಂದೊಂದು ಜರಡಿ ಭಾಷೆ? ಇದನ್ನು ಮಾಡಿದವರು ಆ ಆಕ್ಷೇಪವನ್ನು ಕೇಳಿಸಿಕೊಂಡ ಹಾಗಿದೆ. ಅದಕ್ಕೂ ಎರಡು ವರ್ಷ ಮೊದಲು, 2022ರ 2.38ರಲ್ಲಿ, ತೆರೆದಿರೋ ಫೈಲುಗಳ ಪಟ್ಟಿ ಕೊಡೋ ಎಲ್‌ಎಸ್‌ಎಫ್‌ಡಿ ಅನ್ನೋ ಕಮಾಂಡ್ ಬಂದಿತ್ತು, ಬರೆದವರು ಮಸಾತಾಕೆ ಯಮಾತೊ. ಅದರಲ್ಲಿ ಅದರದ್ದೇ ಫಿಲ್ಟರ್ ಇತ್ತು. 2.40ರಲ್ಲಿ ಫಿಲ್ಟರ್‌ನ ಕೆಲಸವನ್ನು ಲಿಬ್‌ಸ್ಮಾರ್ಟ್‌ಕಾಲ್ಸ್‌ಗೆ ಹಾಕಿದ್ರು. ಇದು ಈ ಕಮಾಂಡ್‌ಗಳೆಲ್ಲ ಪರದೆ ಮೇಲೆ ಕಾಲಂ ಬಿಡಿಸೋಕೆ ಬಳಸೋ ಲೈಬ್ರರಿ. ಹಾಗಾಗಿ ಎಲ್‌ಎಸ್‌ಬ್ಲಾಕ್, ಎಲ್‌ಎಸ್‌ಎಫ್‌ಡಿ ಎರಡಕ್ಕೂ ಒಂದೇ ಭಾಷೆ. ಒಂದು ಕಡೆ ಕಲಿತ್ರೆ ಎರಡೂ ಕಡೆ ನಡೆಯುತ್ತೆ.

ಜರಡಿ ಮನೆಯೊಳಗೂ ಇಲ್ಲ, ಬೀದಿಯಲ್ಲೂ ಇಲ್ಲ. ವಠಾರದ ಅಂಗಳದಲ್ಲಿಟ್ಟಿದ್ದಾರೆ.

ಭಾಗ 9/9

ಇದು ಆ ದಿನ ನನ್ನ ಹತ್ರ ಇದ್ದಿದ್ರೆ ಪೆನ್ ಡ್ರೈವ್ ಉಳೀತಿತ್ತಾ?

ಪ್ರಾಮಾಣಿಕವಾಗಿ ಹೇಳ್ತೀನಿ, ಇಲ್ಲ ಅನ್ಸುತ್ತೆ. ನಾನು ಕೇಳಿದ ಪ್ರಶ್ನೆಯೇ "ಡಿಸ್ಕ್ ಮಾತ್ರ ತೋರಿಸು" ಅಂತ ಇತ್ತಲ್ಲ. ಹೊಸ ಫಿಲ್ಟರ್ ಕೂಡ ಅದನ್ನು ಇನ್ನೂ ಅಚ್ಚುಕಟ್ಟಾಗಿ, ಶೀರ್ಷಿಕೆ ಸಮೇತ, ಮಾಡಿಕೊಡ್ತಿತ್ತು. ಅಪ್ಪನ ಪೆನ್ ಡ್ರೈವಿನ ಹೆಸರು ಇದ್ದ ಪಾರ್ಟಿಷನ್ ಸಾಲು ಆಗಲೂ ಪರದೆ ಮೇಲೆ ಬರ್ತಿರಲಿಲ್ಲ. ನಾನು ಅದನ್ನು ಕೇಳಿಯೇ ಇರಲಿಲ್ಲ.

ಇನ್ನೊಂದು ತಮಾಷೆ. ಇಷ್ಟೆಲ್ಲ ಓದಿ, ಖುಷಿಯಿಂದ ನನ್ನ ಉಬುಂಟು 24.04ರಲ್ಲಿ ಹೊಸ ಆಯ್ಕೆ ಕೊಟ್ಟು ನೋಡಿದೆ. "ಇಂಥ ಆಯ್ಕೆ ಇಲ್ಲ" ಅಂತು. ಅದರಲ್ಲಿರೋದು 2.39. ಒಂದೇ ಒಂದು ಮೆಟ್ಟಿಲು ಕೆಳಗೆ. ಸದ್ಯಕ್ಕೆ ನಾನು "ಇ 7" ಹಾಕಿ ಲೂಪ್ ತೆಗೆದು, ಹೆಸರು, ಗಾತ್ರ, ಮಾದರಿ, ಲೇಬಲ್, ಮೌಂಟ್ ಜಾಗ ಐದೂ ಕಾಲಂ ಕೇಳಿ ನೋಡ್ತೀನಿ. ಪೂರ್ತಿ ಸಾಲು ಕೊನೇ ಫೋಟೋದಲ್ಲಿದೆ, ಬೇಕಾದ್ರೆ ಸೇವ್ ಮಾಡ್ಕೊಳ್ಳಿ.

ಡಿಡಿ ಮೊದಲ ಕೆಲವು ಜಿಬಿಯನ್ನು ಅಳಿಸಿತ್ತು, ಲೆಕ್ಕದ ಫೋಲ್ಡರ್ ಅದರಲ್ಲೇ ಇತ್ತು. ಅಪ್ಪ ಬೈಯಲಿಲ್ಲ. "ಕಾಗದದ ಬಿಲ್ಲಿದೆಯಲ್ಲ, ಕೂತು ಹಾಕೋಣ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬೇಸಿಗೆ ರಜೆ ಪೂರ್ತಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಪ್ಪ ಬಿಲ್ ಓದೋದು, ನಾನು ಟ್ಯಾಲಿಗೆ ಹೊಡೆಯೋದು. ಆ ವರ್ಷ ವೋಚರ್ ಎಂಟ್ರಿ ನಾನು ಕಲಿತದ್ದು ಕ್ಲಾಸಿನಲ್ಲಿ ಅಲ್ಲ.

ಪೆನ್ ಡ್ರೈವ್ ಮತ್ತೆ ಫಾರ್ಮ್ಯಾಟ್ ಮಾಡಿ ಅಪ್ಪನಿಗೇ ಕೊಟ್ಟೆ. ಈ ಸಲ ಲೇಬಲ್ ಹಾಕಿದೀನಿ. ಫ್ಯಾಟ್ ಲೇಬಲ್‌ಗೆ 11 ಅಕ್ಷರದ ಮಿತಿ. ಇಂಗ್ಲಿಷ್ ಅಕ್ಷರದಲ್ಲಿ "ಮುಟ್ಟಬೇಡ" ಅಂತ ಬರೆದೆ, 9ರಲ್ಲೇ ಮುಗೀತು.